ಜಂಗ್ಲಿ: ಒಂದು ಗುಣವಾಚಕದ ಚರಿತ್ರೆ

ಇಂಗ್ಲಿಷಿನ ಆಡುಮಾತಿನಲ್ಲಿ 'ಜಂಗ್ಲಿ' ಎಂಬ ಗುಣವಾಚಕವೊಂದಿದೆ. ಗಿಡಗಂಟಿ ಒತ್ತಾಗಿ ಬೆಳೆದ ಜಾಗವನ್ನು ಹೀಗೆ ವರ್ಣಿಸುತ್ತಾರೆ. ಭಾರತದ ಇಂಗ್ಲಿಷಿನಲ್ಲಿ ಇದಕ್ಕೆ ಒರಟ, ಸಂಸ್ಕಾರವಿಲ್ಲದವ ಎಂಬ ಅರ್ಥವೂ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಗಳನ್ನು ಕಂಡವರಿಗೆ 'ಜಂಗಲ್ ಎಂದರೆ ಇದೇ' ಎನ್ನಿಸುವುದು ಸಹಜ. ಆದರೆ ಪದದ ಮೂಲಾರ್ಥವನ್ನು ಹಿಡಿದು ಹೊರಟರೆ ಇವು ಜಂಗಲ್ ಅಲ್ಲವೇ ಅಲ್ಲ!

ಒಣನೆಲದ ಪದ

ಈ ಪದದ ಮೂಲ ಸಂಸ್ಕೃತದ 'ಜಾಂಗಲ'. ಚರಕಸಂಹಿತೆಯು ಪ್ರದೇಶಗಳನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಜಾಂಗಲವೆಂದರೆ ಬಯಲು ಹೆಚ್ಚಿರುವ, ಒಣಗಾಳಿ ಬೀಸುವ ನೆಲ. ಖದಿರ, ಶಮಿ, ಬದರಿ (ಬೋರೆ) ಅಲ್ಲಿನ ಮರಗಳು. ಆನೂಪವೆಂದರೆ ನೀರಿನಾಸರೆಯುಳ್ಳ, ತೆಂಗು ಬಾಳೆಗಳಿಂದ ದಟ್ಟವಾದ ತಂಪು ನೆಲ. ಈ ವರ್ಗೀಕರಣದಂತೆ ಹೆಚ್ಚು ಮಳೆ ಬೀಳುವ ಘಟ್ಟದಂಚಿನ ಶಿರಸಿ, ಸಿದ್ದಾಪುರಗಳು ಆನೂಪಕ್ಕೇ ಹತ್ತಿರ. ಮಹಾಭಾರತದ 'ಕುರುಜಾಂಗಲ' ಎಂಬ ಪ್ರದೇಶದ ಹೆಸರಿನಲ್ಲಿಯೂ ಇದೇ ಪದವಿದೆ.

ಪರ್ಷಿಯನ್ ಮತ್ತು ಹಿಂದಿಗಳಲ್ಲಿ 'ಜಂಗಲ್' ಆದ ಪದ 18ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಯಿತು. 1776ರಲ್ಲಿ ಪ್ರಕಟವಾದ ಹಾಲ್ಹೆಡ್‌ನ ಹಿಂದೂ ಕಾನೂನು ಸಂಗ್ರಹದಲ್ಲಿ ಅದಕ್ಕೆ ಐದು ವರ್ಷ ಸಾಗುವಳಿಯಿಲ್ಲದೆ ಪಾಳುಬಿದ್ದ ಭೂಮಿ ಎಂಬ ಅರ್ಥವಿದೆ. ಪಾಳು ನೆಲದಲ್ಲಿ ಪೊದೆ ಬೆಳೆಯುತ್ತದೆ, ಪೊದೆಯ ನಡುವೆ ಮರ ಬೆಳೆಯುತ್ತದೆ. ಪದದ ಅರ್ಥವೂ ಹಾಗೆಯೇ ಬೆಳೆದು ದಟ್ಟಾರಣ್ಯವನ್ನು ಮುಟ್ಟಿತು.

1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಇನ್ನೊಂದು ಸ್ವಾರಸ್ಯವನ್ನು ದಾಖಲಿಸಿದೆ. 19ನೆಯ ಶತಮಾನದ ಆರಂಭದಲ್ಲಿ ಗುಜರಾತಿನ ಕೆಲವರು ತಮ್ಮ ಭಾಷೆ ಬಾರದ ಯುರೋಪಿಯನ್ನರನ್ನೇ 'ಜಂಗಲೋ' ಎನ್ನುತ್ತಿದ್ದರಂತೆ!

ಪ್ರಾಣಿಗಳ ಹೆಸರುಗಳಲ್ಲಿ ಹಳೆಯ ಅರ್ಥದ ಛಾಯೆ ಇನ್ನೂ ಉಳಿದಿದೆ. ಇಂಗ್ಲಿಷಿನ 'ಜಂಗಲ್ ಕ್ಯಾಟ್', ಅಂದರೆ ಕಾಡುಬೆಕ್ಕು, ದಟ್ಟ ನಿತ್ಯಹರಿದ್ವರ್ಣ ಕಾಡಿನ ಜೀವಿಯಲ್ಲ. ಹುಲ್ಲುಗಾವಲು, ಕುರುಚಲು, ಜೊಂಡು, ಹೊಲದಂಚುಗಳೇ ಅದರ ನೆಲೆ.

ಒಂದು ಪದ, ಹಲವು ಕಾಡು

ಈ ಮೂರು ತಾಲ್ಲೂಕುಗಳ ರೈತರಿಗೆ ಒಂದೇ ಪದ ಸಾಲದು. ಮೆಣಸಿನ ಬಳ್ಳಿ, ರಾಂಪತ್ರೆ, ದಾಲ್ಚಿನ್ನಿಗಳಿರುವ ನಿತ್ಯಹಸಿರು ಕಾಡು 'ಕಾನು'. ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸುವುದು 'ಸೊಪ್ಪಿನಬೆಟ್ಟ'. ಹುಲ್ಲಿನ ನೆಲ 'ಬೇಣ'. 1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಊರದೇವರ ಸೊತ್ತೆಂದೂ ಮರ ಕಡಿಯಲು ಊರ ಮುಖ್ಯಸ್ಥನ ಅಪ್ಪಣೆ ಬೇಕೆಂದೂ ಜನ ನಂಬಿದ್ದನ್ನು ಬರೆದಿದ್ದಾನೆ.

ಮರದ ವ್ಯಾಪಾರದಲ್ಲಿ ಈ ಭೇದಗಳಿಗೆ ಜಾಗವಿಲ್ಲ. ತೇಗ, ಬೀಟೆಯಂಥವುಗಳಿಗೆ ಸ್ವಂತ ಹೆಸರು. ಕಡಿಮೆ ಬೆಲೆಯ ನಾನಾ ಜಾತಿಗಳಿಗೆಲ್ಲ ಒಟ್ಟಾಗಿ 'ಜಂಗಲ್ ವುಡ್' ಎಂಬ ಒಂದೇ ಹೆಸರು. ಹೆಸರಿಲ್ಲದ್ದಕ್ಕೆ ಬೆಲೆಯೂ ಇಲ್ಲ. ಉತ್ತರ ಕನ್ನಡದಲ್ಲಿ ಸಹಜ ಕಾಡನ್ನು ಸವರಿ ತೇಗದ ನೆಡುತೋಪು ಎಬ್ಬಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. 'ಅಪ್ಪಿಕೋ' ಚಳವಳಿ ಆರಂಭವಾದದ್ದು ಹೀಗೆ.

'ಜಂಗಲ್' ಎಂದು ಒಟ್ಟಿಗೆ ಕರೆದಲ್ಲಿ ಏನೇನು ಅಡಗಿರುತ್ತದೆ ಎಂಬುದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಾಕ್ಷಿ. ಅಲ್ಲಿನ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ಸಿಹಿನೀರಿನ ಜೌಗಿನಲ್ಲಿ ಬೆಳೆಯುವ ಗೇರಿನ ಕುಟುಂಬದ ಮರವೊಂದು ವಿಜ್ಞಾನಕ್ಕೆ ಹೊಸದೆಂದು 2000ದಲ್ಲಿ ವರ್ಣಿತವಾಯಿತು. ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಊರವರ 'ಕಾನು' ಹೀಗೆ ಲ್ಯಾಟಿನ್ ಹೆಸರಿನೊಳಗೂ ಸೇರಿತು.

ಪಾಠದಲ್ಲಿ 'ಜಂಗಲ್' ಎಂಬ ಪದ ಬಂದಾಗ ಶಿಕ್ಷಕರು 'ಕಾಡು' ಎಂದು ಅನುವಾದಿಸಿ ಮುಂದೆ ಸಾಗಬೇಕಿಲ್ಲ. ಯಾವ ಕಾಡು, ಕಾನೋ, ಬೆಟ್ಟವೋ, ಬೇಣವೋ ಎಂದು ಮಕ್ಕಳನ್ನು ಕೇಳಬಹುದು. ಪರಿಸರ ವಿಜ್ಞಾನದ ವರ್ಗೀಕರಣ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.