ಜೆಂಟ್: ಗಿಟಾರ್ ತಾಳವಾದ್ಯವಾದಾಗ

ಪ್ರೊಗ್ರೆಸಿವ್ ಮೆಟಲ್ ಸಂಗೀತದ ಒಂದು ಕವಲು ಜೆಂಟ್. ಅಂಗೈಯ ಅಂಚನ್ನು ತಂತಿಗಳ ಮೇಲೆ ಒತ್ತಿಟ್ಟು ಬಲವಾಗಿ ಮೀಟಿದರೆ ಆಂಪ್ಲಿಫೈಯರಿನಿಂದ ಹೊರಡುವ ಮೊಂಡು ಸದ್ದೇ ಈ ಹೆಸರು. ವಿಪರೀತ ಡಿಸ್ಟಾರ್ಷನ್ ಇದರ ಗುರುತು ಎನ್ನುತ್ತಾರೆ. ಅದು ಅರ್ಧ ಸತ್ಯ. ಸದ್ದನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದರಲ್ಲಿ ಇದರ ಬಿಗಿಯಿದೆ. ಕೈ ತಡೆದೊಡನೆ ಉಳಿದ ಗುಂಯ್‌ಗುಡುವಿಕೆಯನ್ನು ನಾಯ್ಸ್ ಗೇಟ್ ಎಂಬ ಉಪಕರಣ ಕತ್ತರಿಸಿಬಿಡುತ್ತದೆ. ಎರಡು ಪೆಟ್ಟುಗಳ ನಡುವೆ ಉಳಿಯುವುದು ಅಪ್ಪಟ ಮೌನ.

ಮೆಶುಗ್ಗಾ

ಉತ್ತರ ಸ್ವೀಡನ್ನಿನ ಉಮಿಯೊ ನಗರದಲ್ಲಿ 1987ರಲ್ಲಿ ಹುಟ್ಟಿದ ಮೆಶುಗ್ಗಾ ತಂಡ ಈ ಶೈಲಿಯ ಬೇರು. 2002ರ ‘ನಥಿಂಗ್’ ಆಲ್ಬಮನ್ನು ಎಂಟು ತಂತಿಯ ಗಿಟಾರಿನಲ್ಲಿ ನುಡಿಸಬೇಕೆಂದಿತ್ತು. ಗಿಟಾರುಗಳು ಹೊತ್ತಿಗೆ ಸಿದ್ಧವಾಗದೆ, ಏಳು ತಂತಿಯವನ್ನೇ ಶ್ರುತಿ ಇಳಿಸಿ ನುಡಿಸಿದರು. ಸಮಾಧಾನವಾಗಲಿಲ್ಲವೇನೋ, 2006ರಲ್ಲಿ ಗಿಟಾರ್ ಭಾಗವನ್ನು ಎಂಟು ತಂತಿಯಲ್ಲಿ ಮತ್ತೆ ಧ್ವನಿಮುದ್ರಿಸಿದರು. ಸಾಮಾನ್ಯ ಗಿಟಾರಿನ ಅತಿ ಮಂದ್ರ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಕಂಪಿಸಿದರೆ ಎಂಟನೆಯ ತಂತಿಯದು ಸುಮಾರು 46. ಹೆಚ್ಚುಕಡಿಮೆ ಬೇಸ್ ಗಿಟಾರಿನ ನೆಲ!

ಲೆಕ್ಕಾಚಾರ

ಮೆಶುಗ್ಗಾದ ಡ್ರಮ್ಮರ್ ಟೋಮಾಸ್ ಹಾಕೆಯ ಒಂದು ಕೈ ಸಿಂಬಲ್ ಮೇಲೆ ನಾಲ್ಕರ ಎಣಿಕೆಯನ್ನು ಬಿಡದೆ ಹಿಡಿದಿರುತ್ತದೆ. ಕಾಲುಗಳು ಮಾತ್ರ ಗಿಟಾರಿನ ಜೊತೆ ಬೇರೆಯೇ ಲೆಕ್ಕದಲ್ಲಿ ಓಡುತ್ತವೆ. ಚತುರಶ್ರ ನಡೆಯ ಆದಿತಾಳದ ಒಂದು ಆವರ್ತನವನ್ನು ನೆನೆಯಿರಿ: 32 ಮಾತ್ರೆ. ಅದರೊಳಗೆ ಐದು ಮಾತ್ರೆಯ ನುಡಿಯೊಂದನ್ನು ಸುತ್ತಿಸಿದರೆ ಆರು ಸುತ್ತಿಗೆ ಮೂವತ್ತಾಗಿ ಎರಡು ಉಳಿಯುತ್ತವೆ. ಮೃದಂಗದವರಾದರೆ ಮುಕ್ತಾಯವು ಹಾಡು ಎತ್ತಿಕೊಳ್ಳುವ ಜಾಗವಾದ ಎಡುಪಿಗೆ ಸರಿಯಾಗಿ ಇಳಿಯುವಂತೆ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಮೆಶುಗ್ಗಾದವರಿಗೆ ಅಂಥ ದಾಕ್ಷಿಣ್ಯವಿಲ್ಲ. ಏಳನೆಯ ಸುತ್ತನ್ನು ಎರಡು ಮಾತ್ರೆಗೇ ಕಡಿದು, ಮತ್ತೆ ಮೊದಲಿಂದ ಹಿಡಿಯುವುದು ಅವರ ರೂಢಿ. ಕೇಳುಗ ತಾಳ ತಪ್ಪಿತೆಂದು ತಡಬಡಾಯಿಸುವುದು ಇಲ್ಲಿಯೇ. ಬಳಸುವ ನುಡಿಗಳು ಐದಕ್ಕಿಂತ ಬಹಳ ಉದ್ದವಿರುವುದರಿಂದ ಅವನ್ನು ಬೆರಳಲ್ಲಿ ಎಣಿಸಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ.

ಮನೆಯೇ ಸ್ಟುಡಿಯೊ

ಒಂದು ತಂಡದ ಶೈಲಿ ಪಂಥವಾಗಿ ಬೆಳೆದದ್ದು ಅಂತರ್ಜಾಲದಲ್ಲಿ. ಅಮೆರಿಕದ ಮಿಶಾ ಮನ್ಸೂರ್ ‘ಬಲ್ಬ್’ ಎಂಬ ಹೆಸರಿನಲ್ಲಿ, ಮನೆಯಲ್ಲೇ ಮುದ್ರಿಸಿದ ತುಣುಕುಗಳನ್ನು ಹಂಚುತ್ತಿದ್ದ. ದುಬಾರಿ ಆಂಪ್ಲಿಫೈಯರಿನ ಕೆಲಸವನ್ನು ಡಿಜಿಟಲ್ ಉಪಕರಣಗಳು ಮಾಡತೊಡಗಿದ್ದ ಕಾಲ ಅದು. ಅವನ ತಂಡ ಪೆರಿಫೆರಿಯ ಮೊದಲ ಆಲ್ಬಮ್ 2010ರದ್ದು. ಜೆಂಟ್‌ನ ಮುಖವೆಂದು ಎಲ್ಲರೂ ತೋರಿಸುವ ಇದೇ ತಂಡ, 2023ರ ಆಲ್ಬಮಿಗೆ ‘ಜೆಂಟ್ ಈಸ್ ನಾಟ್ ಎ ಜಾನ್ರ’ ಎಂದು ಹೆಸರಿಟ್ಟು ಹಣೆಪಟ್ಟಿಯನ್ನೇ ಅಣಕಿಸಿತು. ಟೋಸಿನ್ ಅಬಾಸಿಯ ತಂಡ ಆ್ಯನಿಮಲ್ಸ್ ಆ್ಯಸ್ ಲೀಡರ್ಸ್ ಹಾಡುಗಾರಿಕೆಯನ್ನೇ ಕೈಬಿಟ್ಟಿತು. ಬ್ರಿಟನ್ನಿನ ಟೆಸರಾಕ್ಟ್ ಅದಕ್ಕೆ ತದ್ವಿರುದ್ಧ: ಒರಟು ಗಿಟಾರಿನ ಮೇಲೆ ಇಂಪಾದ ಕಂಠ ತೇಲುತ್ತದೆ. ನನ್ನ ಕಿವಿಗೆ ಈ ಹೊಂದಿಕೆಯೇ ಹೆಚ್ಚು ಹಿತ.

ಭಾರತದಲ್ಲಿ

ದೆಹಲಿಯ ಕೇಶವ್ ಧರ್ ಕಟ್ಟಿದ ಸ್ಕೈಹಾರ್ಬರ್ 2012ರಲ್ಲಿ ಮೊದಲ ಆಲ್ಬಮ್ ತಂದಾಗ ಅದರಲ್ಲಿ ಹಾಡಿದವನು ಟೆಸರಾಕ್ಟ್‌ನ ಗಾಯಕನಾಗಿದ್ದ ಡೇನಿಯಲ್ ಟಾಂಪ್ಕಿನ್ಸ್. ಬೆಂಗಳೂರಿನ ಪ್ರಾಜೆಕ್ಟ್ ಮಿಶ್ರಂ ತಂಡವಂತೂ ಇದೇ ಬಗೆಯ ಗಿಟಾರಿನ ಪಕ್ಕಕ್ಕೆ ಕರ್ನಾಟಕ ಸಂಗೀತದ ಗಾಯನವನ್ನೂ ಕೊಳಲನ್ನೂ ತಂದು ನಿಲ್ಲಿಸಿದೆ.