ಒಂದೇ ಶಾಸನ, ಬೇರೆ ಬೇರೆ ನಂಬರು

ಮಲ್ಲಿಷೇಣ ಪ್ರಶಸ್ತಿ ಇರೋದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಪಾರ್ಶ್ವನಾಥ ಬಸದಿಯ ಕಂಬದ ಮೇಲೆ. ಬಿ. ಎಲ್. ರೈಸ್ ಅವರ 1889ರ ಸಂಪುಟದಲ್ಲಿ ಅದರ ಸಂಖ್ಯೆ 54, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣೆಯಲ್ಲಿ 67. ಕಾರಣ ಒಳ್ಳೆಯದೇ: ಅಷ್ಟರಲ್ಲಿ ಬೆಳಗೊಳದ 144 ಶಾಸನಗಳು 500 ಆಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಪ್ರಬಂಧವೊಂದು ಆವೃತ್ತಿ ಹೇಳದೆ ‘ಶ್ರ.ಬೆ. 67’ ಅಂದರೆ ಯಾವ ಕಲ್ಲು ಅಂತ ತಿಳಿಯೋದು?

ಯುಜಿಸಿಯ 2009ರ ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾಕ್ಕೆ ಸೇರುತ್ತಿವೆ. ನಾನಂತೂ ಮೊದಲು ತೆಗೆಯೋದು ಅನುಬಂಧ, ಅಪ್ರಕಟಿತ ಶಾಸನಪಾಠಗಳು ಅಡಗಿರೋದು ಅಲ್ಲೇ. ಆದರೆ ಹುಡುಕೋದು ಹೇಗೆ? ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ‘ವೀರಗಲ್ಲು’ ಅಂತ ಹುಡುಕಿದರೆ ಸಿಗೋಲ್ಲ. ಸ್ಕ್ಯಾನ್ ಮಾಡಿದ ಪುಟವಾದರೆ ಬರೀ ಚಿತ್ರ.

ಹಾಗಾಗಿ ವಿಶ್ವವಿದ್ಯಾಲಯಗಳು ಸೇರಿ ಶಾಸನಕೋಶ ಕಟ್ಟುವುದಾದರೆ ಪಿಡಿಎಫ್ ರಾಶಿ ಹಾಕಿದರೆ ಸಾಲದು. ಪ್ರತಿ ಶಾಸನಕ್ಕೂ ಬದಲಾಗದ ಒಂದು ಗುರುತು ಸಂಖ್ಯೆ ಬೇಕು, ಅದರ ಕೆಳಗೆ ಹಳೆಯ ನಂಬರುಗಳೆಲ್ಲ, ಊರು, ಪಡಿಯಚ್ಚಿನ ಚಿತ್ರ, ಯೂನಿಕೋಡ್ ಪಾಠ. ಎಪಿಡಾಕ್ ಪದ್ಧತಿಯಲ್ಲಿ ಸವೆದ ಅಕ್ಷರ ಬೇರೆ, ಸಂಪಾದಕರು ಊಹಿಸಿ ತುಂಬಿದ ಅಕ್ಷರ ಬೇರೆ ಎಂದು ಗುರುತಿಸಬಹುದು. ನನಗೆ ಮುಖ್ಯವಾಗಿ ಬೇಕಾದ್ದು ಇದೇ. ರಸ್ತೆ ಕಾಮಗಾರಿಯಲ್ಲಿ ಕಲ್ಲು ಹೋದ ಮೇಲೆ, ಪಾಠದಲ್ಲಿ ಯಾವುದು ಕಲ್ಲಿನದು, ಯಾವುದು ನಮ್ಮ ಊಹೆ ಅಂತ ಮತ್ತೆ ಹೋಗಿ ನೋಡೋಕಾಗಲ್ಲ.