ಸಸ್ತಾ ಸಾಬಾಣದಾಗ ಏನ ಇರತೈತಿ? ಒಂದ ನೂರ ವರ್ಷದ ಕತಿ

ಹುಕ್ಕೇರಿ ವೈನಿ ಒಬ್ರು ಕೇಳಿದ್ರು, "ಹತ್ತ ರೂಪಾಯಿ ಸಾಬಾಣದಾಗ ಕೆಮಿಕಲ್ ಭಾಳ ಇರ್ತಾವಂತ, ಕೂಸಿನ ಮೈಗೆ ಹಚ್ಚಬಾರದಂತ, ಖರೇನ?" ಅಂತ. ಮೂಡಲಗಿ ಕಾಕು ಬಾಟ್ಲಿ ಜೆಲ್ಲಿನ ಸುದ್ದಿ ಕೇಳಿದ್ರು. ಹೌದ ಅಥವಾ ಇಲ್ಲ ಅಂತ ಒಂದ ಮಾತಿನ್ಯಾಗ ಹೇಳಾಕ ಬರೂದಿಲ್ಲ. ಸಾಬಾಣ ನಮ್ಮ ಬಚ್ಚಲಕ್ಕ ಹೆಂಗ ಬಂತು, ಬರತಾ ಬರತಾ ಅದರಾಗಿಂದ ಏನ ತಗದ್ರು, ಏನ ಹಾಕಿದ್ರು ಅನ್ನೂದು ತಿಳದ್ರ ಉತ್ತರ ತಾನ ಸಿಗತೈತಿ.

ನಮ್ಮ ಕಡೆ ಮೊದಲ ಸಾಬಾಣ ಇರಲಿಲ್ಲ, ಆದ್ರ ಮಂದಿ ಹೊಲಸ ಇರಲಿಲ್ಲ. ತಲಿಗೆ ಸೀಗಿಕಾಯಿ, ಅಂಟವಾಳಕಾಯಿ. ಮೈಗೆ ಕಡ್ಲಿಹಿಟ್ಟು, ಹೆಸರಹಿಟ್ಟು. ಅರಿವಿಗೆ ಒಲಿ ಬೂದಿ, ಇಲ್ಲಾ ಚೌಳ ಮಣ್ಣು. ಅಗಸರು ಹಳ್ಳದ ದಂಡ್ಯಾಗಿನ ಬೆಳ್ಳಾನ ಚೌಳ ಮಣ್ಣ ಕೆರಕೊಂಡ ತಂದು ಅದರಾಗ ಅರಿವಿ ಕುದಸತಿದ್ರು. ಆ ಮಣ್ಣಿನ್ಯಾಗ ಸೋಡಾ ಇರತೈತಿ, ಬೂದ್ಯಾಗ ಪೊಟ್ಯಾಶ್ ಇರತೈತಿ. ಎರಡೂ ಕ್ಷಾರ. ಎಣ್ಣಿ ಅಥವಾ ಕೊಬ್ಬಿಗೆ ಕ್ಷಾರ ಕೂಡಸಿದ್ರ ಸಾಬಾಣ ಆಗತೈತಿ, ಜೋಡಿಗೆ ಗ್ಲಿಸರಿನ್ ಹುಟ್ಟತೈತಿ. ಸಾಬಾಣ ಅಂದ್ರ ಮೂಲದಾಗ ಇಷ್ಟ ನೋಡ್ರಿ. ಅಂದ್ರ "ಕೆಮಿಕಲ್ ಇಲ್ಲದ ಸಾಬಾಣ" ಅಂತ ಯಾರರ ಮಾರಾಕ ಬಂದ್ರ ಅದು ಸುಳ್ಳ. ಸಾಬಾಣನ ಒಂದ ಕೆಮಿಕಲ್.

ಹೆಸರೂ ಹೊರಗಿಂದ. ನಾವು ಸಾಬಾಣ ಅಂತೀವಿ, ಮರಾಠಿಯವರು ಸಾಬಣ ಅಂತಾರ, ಅರಬಿಯೊಳಗ ಸಾಬೂನ್, ಪೋರ್ಚುಗೀಸರ ಮಾತಿನ್ಯಾಗ ಸಬಾಂವ್. ಎಲ್ಲಾ ಒಂದ ಬಳ್ಳಿ ಕಾಯಿ.

ಇಂಗ್ಲೆಂಡಿನ ಲೀವರ್ ಕಂಪನಿಯ ಸನ್‌ಲೈಟ್ ಸಾಬಾಣ ಕಲಕತ್ತಾ ಬಂದರಕ್ಕ ಬಂದದ್ದು 1888ರಾಗ. ಲೈಫ್‌ಬಾಯ್ 1895ರಾಗ ಬಂತು. ಅದ ಹೊತ್ತಿಗೆ ನಮ್ಮ ಕಡಿಗೆ ರೈಲ ಬಂದಿತ್ತು, ಗೋಕಾಕ ಫಾಲ್ಸಿನ್ಯಾಗ ಘಟಪ್ರಭಾ ನೀರಿನ ಬಲದ ಮ್ಯಾಲೆ ನೂಲಿನ ಗಿರಣಿ ನಡದಿತ್ತು. ಗಿರಣಿ ಅಂದ್ರ ಪಗಾರ, ಪಗಾರ ಅಂದ್ರ ಕೈಯಾಗ ರೊಕ್ಕ, ರೊಕ್ಕ ಅಂದ್ರ ಅಂಗಡಿ ಸಾಮಾನ. ಬೂದಿ ಮನ್ಯಾಗ ಸಿಗತಿತ್ತು, ಸಾಬಾಣ ಕೊಳ್ಳಬೇಕಾತು. ಬಚ್ಚಲದ ಖರ್ಚ ಅಂತ ಒಂದು ಲೆಕ್ಕ ಸುರುವಾದದ್ದು ಹಿಂಗ.

ಇನ್ನೊಂದ ಮಾತು ಮರೀಬಾರದು. ಆವಾಗ ನಮ್ಮ ಬೆಳಗಾವಿ ಜಿಲ್ಲಾ ಮುಂಬಯಿ ಇಲಾಖಾದಾಗಿತ್ತು, ಮೈಸೂರ ಬ್ಯಾರೆ ಸಂಸ್ಥಾನ. 1914ರಾಗ ಮಹಾಯುದ್ಧ ಹತ್ತಿ ಮೈಸೂರಿನ ಗಂಧದ ಕಟಗಿ ಯುರೋಪಕ್ಕ ಹೋಗೂದ ನಿಂತ ಮ್ಯಾಲೆ, ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಇಲ್ಲೇ ಎಣ್ಣಿ ತಗಸಾಕ ಹಚ್ಚಿದ್ರು. ಎಸ್. ಜಿ. ಶಾಸ್ತ್ರಿ ಅನ್ನೂ ರಸಾಯನ ಶಾಸ್ತ್ರದವರು ವಿಲಾಯತಿಗೆ ಹೋಗಿ ಕಲತ ಬಂದು ಗಂಧದ ಸಾಬಾಣ ಹದಾ ಮಾಡಿದ್ರು. 1918ರ ಹೊತ್ತಿಗೆ ಮೈಸೂರ ಸ್ಯಾಂಡಲ್ ಪ್ಯಾಟಿಗೆ ಬಂತು. ನಮಗ ಅದು ಪರಸಂಸ್ಥಾನದ ತುಟ್ಟಿ ಸಾಮಾನ. 1956ರಾಗ ರಾಜ್ಯ ಒಂದಾದ ಮ್ಯಾಲೆ "ನಮ್ಮದು" ಆತು. ಆದ್ರೂ ಭಾಳ ಮನ್ಯಾಗ ಅದು ಟ್ರಂಕಿನ್ಯಾಗ ಸೀರಿ ನಡುವ ಇರತಿತ್ತು, ಬೀಗರು ಬಂದಾಗ ಹೊರಗ ಬರತಿತ್ತು.

ದಿನಾ ಬಳಸೂದು ಟಾಟಾದ 501ರಂಥ ಉದ್ದನ್ನ ಬಾರ. ದಾರ ಹಚ್ಚಿ ತುಂಡ ಮಾಡೂದು, ಅದರಾಗ ಅರಿವಿ, ಅದರಾಗ ಭಾಂಡೆ, ಒಮ್ಮೊಮ್ಮೆ ಮೈನೂ. ಅರಿವಿ ಸಾಬಾಣದಾಗ ಸೋಡಾ, ಸಿಲಿಕೇಟ್ ಜಾಸ್ತಿ ಇರತೈತಿ. ಅದಕ್ಕ ನಮ್ಮ ಆಯಿಗೋಳ ಕೈ ಚಳಿಗಾಲದಾಗ ಬಿರಿಬಿಟ್ಟ ರಕ್ತ ಬರತಿತ್ತು. "ದುಡದ ಕೈ" ಅಂತ ಎಲ್ಲಾರೂ ಹೊಗಳಿದ್ರು, ಸಾಬಾಣಕ್ಕ ಮಾತ್ರ ಯಾರೂ ಬೈಲಿಲ್ಲ.

ಸಾಬಾಣಕ್ಕ ಎಣ್ಣಿ ಬೇಕು, ಇಲ್ಲಾ ಕೊಬ್ಬು ಬೇಕು. ದನದ್ದು, ಕುರೀದು ಕೊಬ್ಬು ಸಸ್ತಾ. ಗೋದ್ರೇಜ್ ಕಂಪನಿ 1918ರ ಸುಮಾರಿಗೇ ಬರೇ ಗಿಡದ ಎಣ್ಣಿಂದ ಸಾಬಾಣ ಮಾಡಿ ಅದನ್ನ ದೊಡ್ಡದಾಗಿ ಸಾರತ್ತು. ಆದ್ರ ಹೊರದೇಶದ ಕೊಬ್ಬು ಬರೂದ ನಿಂದ್ರಲಿಲ್ಲ. 1983ರಾಗ ವನಸ್ಪತಿ ತುಪ್ಪದಾಗ ದನದ ಕೊಬ್ಬ ಬೆರಸ್ಯಾರಂತ ದೇಶದಾಗೆಲ್ಲ ಗದ್ದಲಾಗಿ, ಸರಕಾರ ಆ ಆಮದ ನಿಲ್ಲಸ್ತು. ಸಾಬಾಣದವರೂ ತಾಳಿ ಎಣ್ಣಿ, ಅಕ್ಕಿ ತೌಡಿನ ಎಣ್ಣಿ ಕಡೆ ಹೊಳ್ಳಿದ್ರು. ಈಗ ಚೀಟಿ ಮ್ಯಾಲೆ "ಸೋಡಿಯಂ ಪಾಮೇಟ್" ಅಂತ ಇದ್ರ ಅದು ತಾಳಿ ಎಣ್ಣಿ, "ಸೋಡಿಯಂ ಟ್ಯಾಲೋವೇಟ್" ಅಂತ ಇದ್ರ ಪ್ರಾಣಿ ಕೊಬ್ಬು. ಮಡಿ ಮೈಲಿಗಿ ನೋಡೂ ಅತ್ತಿಯವರು ಮನ್ಯಾಗಿದ್ರ ಈ ಎರಡ ಹೆಸರು ನೆನಪಿಟ್ಟರ ಸಾಕು.

ಈಗ ಮುಖ್ಯ ಮಾತಿಗೆ ಬರೂಣು. ಎಣ್ಣಿ ತುಟ್ಟಿ ಆದಂಗ ಸಾಬಾಣದಾಗ ಎಣ್ಣಿ ಕಡಿಮಿ ಆತು. ಜಾಗಾ ತುಂಬಾಕ ಟಾಲ್ಕ್, ಬಿಳಿ ಜೇಡಿ, ಸೋಡಾ, ಗಂಜಿ ಬಂದುವು. ಹುಟ್ಟಿದ ಗ್ಲಿಸರಿನ್ ತಗದ ಬ್ಯಾರೆ ಮಾರೂದೂ ಐತಿ. ಎಣ್ಣಿ ಅಂಶ ಎಷ್ಟೈತಿ ಅನ್ನೂದಕ್ಕ ಟಿಎಫ್‌ಎಂ ಅಂತಾರ. ನಮ್ಮ ದೇಶದ ಮಾನಕದ ಪ್ರಕಾರ ಟಾಯ್ಲೆಟ್ ಸೋಪ್ ದರ್ಜೆ 1ಕ್ಕ ಕಡಿಮಿ ಅಂದ್ರ 76%, ದರ್ಜೆ 2ಕ್ಕ 70%, ದರ್ಜೆ 3ಕ್ಕ 60% ಇರಬೇಕು. ಇನ್ನೊಂದು ಐತಿ, "ಬಾತಿಂಗ್ ಬಾರ್" ಅಂತ. ಅದಕ್ಕ 40% ಇದ್ದರೂ ನಡೀತೈತಿ. ನೋಡಾಕ ಎರಡೂ ಒಂದ, ಅಂಗಡ್ಯಾಗ ಒಂದ ಸಾಲಿನ್ಯಾಗ ಕುಂತಿರ್ತಾವು.

ಲೆಕ್ಕಾ ಹಾಕ್ರಿ. 100 ಗ್ರಾಮಿನ ದರ್ಜೆ 1ರ ಸಾಬಾಣಕ್ಕ 40 ರೂಪಾಯಿ ಹಿಡೀರಿ, ಅದರಾಗ ಎಣ್ಣಿ ಅಂಶ 76 ಗ್ರಾಮ. 100 ಗ್ರಾಮಿನ ಬಾತಿಂಗ್ ಬಾರಿಗೆ 20 ರೂಪಾಯಿ ಹಿಡೀರಿ, ಅದರಾಗ 40 ಗ್ರಾಮ. ಗ್ರಾಮಿಗೆ ಹೆಚ್ಚ ಕಡಿಮಿ ಐವತ್ತ ಪೈಸೆ ಎರಡಕ್ಕೂ ಬಂತು. ಜೇಡಿ ತುಂಬಿದ್ದು ಬಚ್ಚಲದಾಗ ಲಗೂನ ಮೆತ್ತಗಾಗಿ ಕರಗತೈತಿ, ಹದಿನೈದ ದಿನಾ ಬರೂದು ಎಂಟ ದಿನಕ್ಕ ಮುಗೀತೈತಿ. ಸಸ್ತಾ ಅಂತ ತಂದದ್ದು ಭಾಳ ಸರ್ತಿ ಸಸ್ತಾ ಬೀಳೂದಿಲ್ಲ. ಹಂಗಂತ ಟಿಎಫ್‌ಎಂ ಕಡಿಮಿ ಅಂದ್ರ ವಿಷ ಅಲ್ಲ. ಹತ್ತ ರೂಪಾಯಿ ಸಾಬಾಣ ತರೂ ಮನಿಯವರು ನಾಚಗೋಬೇಕಾಗಿಲ್ಲ.

ಖರೆ ಹೆದರಬೇಕಾದ್ದು ಬ್ಯಾರೇನ ಐತಿ. "ಕ್ರಿಮಿ ಕೊಲ್ಲತೈತಿ" ಅಂತ ಮಾರೂ ಸಾಬಾಣದಾಗ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಅಂತ ಹಾಕತಿದ್ರು. 2016ರಾಗ ಅಮೇರಿಕಾ ಸರಕಾರ ಮನಿ ಬಳಕಿ ಸಾಬಾಣದಾಗ ಇವನ್ನೂ ಕೂಡಿಸಿ 19 ವಸ್ತು ಬ್ಯಾಡಂತ ನಿಲ್ಲಸ್ತು. ಸಾದಾ ಸಾಬಾಣ, ನೀರಿಗಿಂತ ಇವು ಹೆಚ್ಚ ಕೆಲಸ ಮಾಡ್ತಾವು ಅಂತ ಕಂಪನಿಯವರಿಗೆ ತೋರಸಾಕ ಆಗಲಿಲ್ಲ.

ಇನ್ನೊಂದು ಬೆಳ್ಳಗ ಮಾಡೂ ಸಾಬಾಣ. ಕೆಲವದರಾಗ ಪಾದರಸ ಇರತೈತಿ. ಪಾದರಸ ತೊಗಲಿನ ಬಣ್ಣ ತಗೀತೈತಿ, ಜೋಡಿಗೆ ಮೂತ್ರಪಿಂಡನೂ ಕೆಡಸತೈತಿ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದಾಗ ಪಾದರಸ ಹಾಕಿ ಮಾಡೂದ ಬಂದ್ ಐತಿ. ಆದ್ರೂ ಹೆಸರ ವಿಳಾಸ ಇಲ್ಲದ ಮಾಲ ಸಂತ್ಯಾಗ ಬರತೈತಿ. ಹೆಣ್ಣ ನೋಡಾಕ ಬರ್ತಾರಂತ ಹದಿನೆಂಟರ ಹುಡುಗಿಗೆ ಇದನ್ನ ಹಚ್ಚಬ್ಯಾಡ್ರಿ, ಕೈ ಮುಗೀತೀನಿ. ನಮ್ಮ ಬಿಸಲಿನ ಊರಾಗ ಹುಟ್ಟಿದ ಬಣ್ಣ ಅದು, ರೋಗ ಅಲ್ಲ.

ಮೂಡಲಗಿ ಕಾಕು, ಜೆಲ್ಲಿನ ಸುದ್ದಿ ನಿಮಗ. ಬಾಟ್ಲಿ ಜೆಲ್ಲ ಭಾಳ ಸರ್ತಿ ಸಾಬಾಣನ ಅಲ್ಲ, ಬುರುಗಿನ ಡಿಟರ್ಜಂಟ್ ಕರಗಿಸಿದ ನೀರು. ಮೊದಲನೇ ಮಹಾಯುದ್ಧದಾಗ ಕೊಬ್ಬ ಸಿಗಲಾರದಕ್ಕ ಜರ್ಮನಿಯವರು ಸಾಬಾಣದ ಬದಲಿ ಹುಡಕಿದ್ರಲ್ಲ, ಅಲ್ಲಿಂದ ಬಂದ ವಂಶ ಇದು. ಚೀಟಿ ಮ್ಯಾಲೆ "ಸೋಡಿಯಂ ಲಾರೆತ್ ಸಲ್ಫೇಟ್" ಅಂತಿರತೈತಿ. ತೊಳದ ಬಿಟ್ಟರ ಸಾಮಾನ್ಯವಾಗಿ ತ್ರಾಸಿಲ್ಲ, ಒಣ ಮೈಯವರಿಗೆ ಮಾತ್ರ ಇನ್ನಷ್ಟ ಒಣಗಸತೈತಿ. ನೀರ ಇದ್ದಲ್ಲಿ ಕೆಡಬಾರದಂತ ಔಷಧನೂ ಹಾಕಬೇಕು. ಅದರಾಗ "ಮೀಥೈಲ್ ಐಸೋಥಯಾಜೋಲಿನೋನ್" ಅನ್ನೂದು ಕೆಲವರಿಗೆ ಗಂಧಿ ಎಬ್ಬಸತೈತಿ. ಯುರೋಪಿನ್ಯಾಗ ಮೈಮ್ಯಾಲೆ ಹಚ್ಚಿ ಬಿಡೂ ಕ್ರೀಮಿನ್ಯಾಗ ಇದನ್ನ ಬಂದ್ ಮಾಡ್ಯಾರ, ತೊಳದ ಬಿಡೂದ್ರಾಗ ಕಡಿಮಿ ಮಿತಿ ಇಟ್ಟಾರ.

ಒಮ್ಮೊಮ್ಮೆ ತಪ್ಪ ಸಾಬಾಣದ್ದ ಇರೂದಿಲ್ಲ, ನೀರಿಂದು. ಹಿಡಕಲ್ ಡ್ಯಾಮಿನ ಕಡೆ ಹೊಳಿ ನೀರಿನ್ಯಾಗ ಬುರುಗ ಛಲೋ ಏಳತೈತಿ. ಎರಿ ಭೂಮಿಯ ಗಡಸು ಬೋರಿನ ನೀರಿನ್ಯಾಗ ಅದ ಸಾಬಾಣ ಬುರುಗ ಬರೂದಿಲ್ಲ. ನೀರಿನ್ಯಾಗಿನ ಕ್ಯಾಲ್ಶಿಯಂ ಸಾಬಾಣದ ಜೋಡಿ ಕೂಡಿ ಬೆಳ್ಳಾನ ಜಿಗಟ ಆಗಿ ಮೈಮ್ಯಾಲೆ ಕುಂದರತೈತಿ, ಕಡಿತ ಸುರುವಾಗತೈತಿ. ಬುರುಗ ಬರಲಿಲ್ಲಂತ ಮತ್ತಷ್ಟ ತಿಕ್ಕತೀವಿ, ಮತ್ತಷ್ಟ ಒಣಗತೈತಿ. ಅಂಥಲ್ಲಿ ಸಾಬಾಣ ಬದಲ ಮಾಡೂಕಿಂತ ಕೊನಿಗೆ ಎರಡ ತಂಬಿಗಿ ಮಳಿ ನೀರೋ ಹೊಳಿ ನೀರೋ ಹಾಕಿದ್ರ ಲೇಸು. ಮೈ ಒರಸಿದ ಮ್ಯಾಲೆ ಚೂರ ಕೊಬ್ಬರಿ ಎಣ್ಣಿ ಹಚ್ಚರಿ.

ವೈನಿ, ಕೂಸಿನ ಮಾತು ಉಳೀತು. ಸಾಬಾಣ ಯಾವದಿದ್ರೂ ಕ್ಷಾರನ, ನಮ್ಮ ತೊಗಲ ಸ್ವಲ್ಪ ಹುಳಿ ಸ್ವಭಾವದ್ದು. ಎಳೆ ಕೂಸಿನ ತೊಗಲ ತೆಳು. ಅದಕ್ಕ ದಿನಾ ಮೈತುಂಬ ತಿಕ್ಕೂದ ಬ್ಯಾಡ. ಕುಂಡಿ, ಸಂದಿ, ಕುತ್ತಿಗಿ ಮಡಿಕಿಗೆ ಅಷ್ಟ ಸಾಕು, ಉಳದದ್ದಕ್ಕ ಬೆಚ್ಚಗಿನ ನೀರು. ವಾಸನಿ ಕಡಿಮಿ, ಬಣ್ಣ ಕಡಿಮಿ, ಟಿಎಫ್‌ಎಂ 76ರ ಮ್ಯಾಲಿಂದು ಒಂದ ಸಾಬಾಣ ಕೂಸಿಗೆ ಬ್ಯಾರೆ ಇಡ್ರಿ, ತಿಂಗಳಾನಗಟ್ಲೆ ಬರತೈತಿ. ಸೀಗಿಪುಡಿ ಕೂಸಿಗೆ ಹಾಕಬ್ಯಾಡ್ರಿ, ಕಣ್ಣಾಗ ಹೋದ್ರ ಉರೀತೈತಿ. ಗಂಧಿ ಎದ್ದು ಎರಡ ದಿನಕ್ಕ ಇಳೀಲಿಲ್ಲಂದ್ರ ಡಾಕ್ಟರ ಕಡೆ ಹೋಗ್ರಿ, ಹೋಗೂವಾಗ ಸಾಬಾಣದ ಚೀಟಿ ಒಯ್ಯೂದ ಮರೀಬ್ಯಾಡ್ರಿ.

ಚೀಟಿ ಒಳಗ ಅಕ್ಷರ ಇರವಿಗಿಂತ ಸಣ್ಣು ಇರ್ತಾವು, ಅದೂ ಇಂಗ್ಲೀಷಿನ್ಯಾಗ. ಸಾಲಿಗೆ ಹೋಗೂ ಹುಡುಗರ ಕಡಿಂದ ಓದಸ್ರಿ. ಮೂರ ನೋಡ್ರಿ ಸಾಕು: "ಟಾಯ್ಲೆಟ್ ಸೋಪ್" ಐತೋ "ಬಾತಿಂಗ್ ಬಾರ್" ಐತೋ, ಟಿಎಫ್‌ಎಂ ಎಷ್ಟು, ಮಾಡಿದವರ ಹೆಸರ ವಿಳಾಸ ಐತೋ ಇಲ್ಲೋ. ಮೂರನೇದ್ದು ಇಲ್ಲಂದ್ರ ಪುಕ್ಕಟೆ ಕೊಟ್ಟರೂ ತರಬ್ಯಾಡ್ರಿ.